ಹೆಸರು ಹೇಳದೆ ಮಾತಾಡಬೇಕೆಂದರೆ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಲದ ಅಂಚೆಯಲ್ಲಿ ದಾವಣಗೆರೆ, ಚಿತ್ರದುರ್ಗ ಕಡೆಯ ಪತ್ರಗಳೇ ಜಾಸ್ತಿ. ವಿಷಯವೂ ಹೆಚ್ಚುಕಡಿಮೆ ಒಂದೇ: ಆನ್‌ಲೈನ್‌ನಲ್ಲಿ ಅನಿಸಿದ್ದನ್ನು ಹೇಳಬೇಕು, ಹೇಳಿದ್ದು ಯಾರೆಂದು ಗೊತ್ತಾಗಬಾರದು. ಕೇಳಿದವರ ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇವೆ. ಒಂದು ಪತ್ರದಲ್ಲಿ ಊರು ಹಾಕಿದರೂ ಗುರುತು ಸಿಕ್ಕಿಬಿಡುತ್ತಿತ್ತು. ಅಲ್ಲಿ ಜಿಲ್ಲೆಯಷ್ಟೇ ಇದೆ. ಉತ್ತರಗಳನ್ನು ಓದುವ ಮುಂಚೆ ಒಂದು ವಿಚಾರ ತೀರ್ಮಾನಿಸಿಕೊಳ್ಳಿ. ನೀವು ಮರೆಯಾಗಬೇಕಿರುವುದು ಯಾರಿಂದ? ಎದುರು ಮನೆಯವರಿಂದಲೋ, ಮೇಲಧಿಕಾರಿಯಿಂದಲೋ, ಗ್ರೂಪ್ ಅಡ್ಮಿನ್‌ನಿಂದಲೋ, ಪೊಲೀಸರಿಂದಲೋ? ಒಬ್ಬರ ಮಟ್ಟಿಗೆ ಸಾಕಾಗುವ ಎಚ್ಚರ ಇನ್ನೊಬ್ಬರ ಮುಂದೆ ಏನೇನೂ ಸಾಲದು.

ಬೇರೆ ಹೆಸರಲ್ಲಿ ಇನ್‌ಸ್ಟಾಗ್ರಾಂ ಖಾತೆ ಮಾಡಿ ನಮ್ಮ ಬಡಾವಣೆಯ ಚರಂಡಿ, ಕಸ, ಬೀದಿದೀಪದ ಬಗ್ಗೆ ಬರೀತಿದ್ದೆ. ನನ್ನ ಫೋಟೊ ಇಲ್ಲ, ಹೆಸರಿಲ್ಲ. ಆದರೂ ಮೂರು ವಾರಕ್ಕೆ ಎದುರು ಮನೆಯವರು "ಅದು ನೀವೇ ಅಲ್ಲೇನ್ರಿ?" ಅಂದ್ರು. ಎಲ್ಲಿ ಎಡವಿದೆ? — ನಿಟ್ಟುವಳ್ಳಿ, ದಾವಣಗೆರೆ

ಮೊದಲ ಅನುಮಾನ ಫೋನ್ ನಂಬರಿನ ಮೇಲೆ. ಖಾತೆ ತೆರೆಯುವಾಗ ನಿಮ್ಮ ದಿನಬಳಕೆಯ ನಂಬರ್ ಕೊಟ್ಟಿದ್ದರೆ ಅರ್ಧ ಗುಟ್ಟು ಅಲ್ಲೇ ರಟ್ಟಾದಂತೆ. ಎದುರು ಮನೆಯವರ ಮೊಬೈಲಿನಲ್ಲಿ ನಿಮ್ಮ ನಂಬರ್ ಇದ್ದು, ಅವರು ತಮ್ಮ ಕಾಂಟ್ಯಾಕ್ಟ್ಸ್ ನೋಡಲು ಆ್ಯಪ್‌ಗೆ ಅನುಮತಿ ಕೊಟ್ಟಿದ್ದರೆ, "ಇವರು ನಿಮಗೆ ಗೊತ್ತಿರಬಹುದು" ಎಂಬ ಸಾಲಿನಲ್ಲಿ ನಿಮ್ಮ ಗುಪ್ತ ಖಾತೆ ಅವರಿಗೆ ಕಾಣಿಸಿಕೊಳ್ಳಬಹುದು. ನಿಮ್ಮ ಕಾಂಟ್ಯಾಕ್ಟ್ಸ್ ನೀವು ಕೊಡದಿದ್ದರೂ ಅವರು ಕೊಟ್ಟಿರುತ್ತಾರಲ್ಲ.

ಇದಕ್ಕೆ ಮಾಡಬೇಕಾದ್ದು: ಹೆಸರು, ಹುಟ್ಟಿದ ವರ್ಷ, ಊರು ಯಾವುದೂ ಇಲ್ಲದ ಹೊಸ ಇಮೇಲ್ ಮಾಡಿಕೊಂಡು ಅದರಿಂದ ಖಾತೆ ತೆರೆಯಿರಿ. ಕಾಂಟ್ಯಾಕ್ಟ್ಸ್ ಅನುಮತಿ ಕೇಳಿದಾಗ ಬೇಡ ಎನ್ನಿ. ಈಗಾಗಲೇ ಕೊಟ್ಟಿದ್ದರೆ ಅಕೌಂಟ್ಸ್ ಸೆಂಟರ್‌ನಲ್ಲಿ (ಫೇಸ್‌ಬುಕ್, ಇನ್‌ಸ್ಟಾಗ್ರಾಂ ಖಾತೆಗಳನ್ನು ಒಟ್ಟಿಗೆ ನಿಭಾಯಿಸುವ ಸೆಟ್ಟಿಂಗ್ಸ್ ಪುಟ) ನಿಮ್ಮ ಮಾಹಿತಿ ಮತ್ತು ಅನುಮತಿಗಳ ವಿಭಾಗಕ್ಕೆ ಹೋಗಿ ಕಾಂಟ್ಯಾಕ್ಟ್ಸ್ ಅಪ್‌ಲೋಡ್ ನಿಲ್ಲಿಸಿ. ನಿಮ್ಮ ಅಸಲಿ ಫೇಸ್‌ಬುಕ್ ಖಾತೆ ಇರುವ ಅಕೌಂಟ್ಸ್ ಸೆಂಟರ್‌ಗೆ ಈ ಹೊಸ ಖಾತೆಯನ್ನು ಸೇರಿಸಬೇಡಿ. ಯೂಸರ್‌ನೇಮ್ ಕೂಡ ಹೊಸದಿರಲಿ. ಹಳೆಯ ಆಟದ ಆ್ಯಪ್‌ನಲ್ಲೋ ಮಾರಾಟದ ತಾಣದಲ್ಲೋ ಬಳಸಿದ್ದನ್ನೇ ಇಲ್ಲೂ ಹಾಕಿದರೆ, ಗೂಗಲ್‌ನಲ್ಲಿ ಉದ್ಧರಣ ಚಿಹ್ನೆಯೊಳಗೆ ಅದನ್ನು ಹುಡುಕಿದವರಿಗೆ ಎರಡೂ ಕಡೆಯ ಖಾತೆ ಸಿಗುತ್ತದೆ.

ಹೊಸ ಖಾತೆಯ ಮೊದಲ ಹತ್ತು ಫಾಲೋವರ್‌ಗಳೂ ಬಾಯಿ ಬಿಡುತ್ತಾರೆ. ತಂಗಿ, ಭಾವ, ಆಫೀಸಿನ ಗೆಳೆಯ ಮೊದಲು ಬಂದು ಸೇರಿದ್ದರೆ ನೋಡಿದವರಿಗೆ ಲೆಕ್ಕ ಹಾಕುವುದು ಕಷ್ಟವೇನಲ್ಲ. ಅಸಲಿ ಖಾತೆಯಿಂದ ನಿಮ್ಮ ಪೋಸ್ಟ್‌ಗೇ ಹೋಗಿ ಲೈಕ್ ಒತ್ತುವ ಚಟವಂತೂ ಬೇಡವೇ ಬೇಡ.

ಎರಡನೆಯದು ಫೋಟೊ ತೆಗೆದ ಕೋನ. ಕೆಟ್ಟುಹೋದ ಬೀದಿದೀಪವನ್ನು ಮೊದಲ ಮಹಡಿಯ ಬಾಲ್ಕನಿಯಿಂದ ತೆಗೆದರೆ, ಆ ಕಂಬ ಆ ಕೋನದಲ್ಲಿ ಕಾಣುವ ಮನೆಗಳು ಎರಡೋ ಮೂರೋ. ಕೆಳಗಿಳಿದು ರಸ್ತೆಯಲ್ಲಿ ನಿಂತು, ಸಾಧ್ಯವಾದರೆ ಹತ್ತು ಮನೆ ಆಚೆಯಿಂದ ತೆಗೆಯಿರಿ. ಪಕ್ಕದ ಎರಡು ಕ್ರಾಸ್‌ಗಳ ಸಮಸ್ಯೆಗಳನ್ನೂ ಹಾಕುತ್ತಿರಿ. ತೆಗೆದ ಕೂಡಲೇ ಹಾಕದೆ ಒಂದೆರಡು ದಿನ ತಡೆಯಿರಿ. ಮೊಬೈಲ್ ಹಿಡಿದು ನಿಂತಿದ್ದನ್ನು ಕಂಡವರಿಗೆ ಹತ್ತು ನಿಮಿಷದಲ್ಲಿ ಪೋಸ್ಟ್ ಕಂಡರೆ ಬೇರೆ ಸಾಕ್ಷಿ ಬೇಕಿಲ್ಲ.

ಮೂರನೆಯದು ಬರವಣಿಗೆ. ನಾವು ಕಂಡಂತೆ ಊರಿನೊಳಗೆ ಹೆಚ್ಚು ಜನ ಸಿಕ್ಕಿಬೀಳುವುದು ಇದರಿಂದಲೇ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವವರನ್ನು ಗಮನಿಸಿ: "ಮಾಡಬೇಕು" ಎಂಬುದಕ್ಕೆ ಒಬ್ಬರು ಒಂದು "ಎ" ಹಾಕುತ್ತಾರೆ, ಒಬ್ಬರು ಎರಡು, ಕೊನೆಯಲ್ಲಿ "ಯು" ಒತ್ತುವವರು ಒಬ್ಬರಾದರೆ ಅದನ್ನು ನುಂಗುವವರು ಇನ್ನೊಬ್ಬರು. ಸಾಲಿನ ಕೊನೆಗೆ ಎರಡು ಚುಕ್ಕಿ, ಪ್ರತಿ ದೂರಿನ ಹಿಂದೆಯೂ ಅದೇ ಕೈಮುಗಿಯುವ ಎಮೋಜಿ, "ಐತಿ" ಎಂದು ಶುರುಮಾಡಿ ಮುಂದಿನ ಸಾಲಿಗೆ "ಇದೆ"ಗೆ ಹೊರಳುವುದು, ಇವೆಲ್ಲ ಬಡಾವಣೆಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ನಿಮ್ಮನ್ನು ವರ್ಷಗಟ್ಟಲೆ ಓದಿದವರಿಗೆ ಸಹಿ ಇದ್ದಂತೆ. ಗುಪ್ತ ಖಾತೆಯಲ್ಲಿ ಕನ್ನಡ ಲಿಪಿಯಲ್ಲೇ, ಚಿಕ್ಕ ವಾಕ್ಯಗಳಲ್ಲಿ, ಎಮೋಜಿ ಇಲ್ಲದೆ ಬರೆಯಿರಿ.

ಕೇಳದಿದ್ದರೂ ಒಂದು ಮಾತು. ಚರಂಡಿ ಸ್ವಚ್ಛವಾಗುವುದಷ್ಟೇ ಬೇಕಿದ್ದರೆ ಗುಪ್ತ ಖಾತೆ ಬಹಳ ನಿಧಾನದ ದಾರಿ. ಪಾಲಿಕೆಗೋ 1902 ಸಹಾಯವಾಣಿಗೋ ಹೆಸರು ಕೊಟ್ಟು ದಾಖಲಿಸಿದ ದೂರಿಗೆ ಒಂದು ಸಂಖ್ಯೆ ಸಿಗುತ್ತದೆ, ಆ ಸಂಖ್ಯೆ ಹಿಡಿದು ಮತ್ತೆ ಮತ್ತೆ ಕೇಳಬಹುದು.

ಕೆರೆ ಅಂಗಳ ಒತ್ತುವರಿ ಮಾಡಿದ ಫೋಟೊ ನನ್ನ ಹತ್ತಿರ ಇದೆ. ಹಂಚಿಕೊಂಡರೆ ಫೋಟೊದಿಂದಲೇ ನಾನು ನಿಂತ ಜಾಗ ಗೊತ್ತಾಗುತ್ತದೆ ಅಂತಾರೆ, ನಿಜವೇ? — ಚನ್ನಗಿರಿ

ಹೇಗೆ ಕಳಿಸುತ್ತೀರಿ ಎಂಬುದರ ಮೇಲಿದೆ. ಮೊಬೈಲಿನಲ್ಲಿ ತೆಗೆದ ಫೋಟೊ ಫೈಲಿನೊಳಗೆ ಚಿತ್ರದ ಜೊತೆ ಕಾಣದ ಮಾಹಿತಿಯೂ ಕೂತಿರುತ್ತದೆ. ಅದರ ಹೆಸರು ಎಕ್ಸಿಫ್. ಫೋನಿನ ಮಾಡೆಲ್, ತೆಗೆದ ದಿನ, ಗಂಟೆ, ನಿಮಿಷ, ಸೆಕೆಂಡು, ಲೊಕೇಶನ್ ಆನ್ ಇದ್ದರೆ ಅಕ್ಷಾಂಶ ರೇಖಾಂಶ ಎಲ್ಲ ಅದರಲ್ಲಿರುತ್ತವೆ. ಅಕ್ಷಾಂಶದ ದಶಮಾಂಶದ ನಾಲ್ಕನೇ ಸ್ಥಾನದಲ್ಲಿ ಒಂದಂಕಿ ಬದಲಾದರೆ ನೆಲದ ಮೇಲೆ ಸುಮಾರು 11 ಮೀಟರ್. ಫೋನುಗಳು ಅದಕ್ಕಿಂತಲೂ ಹೆಚ್ಚು ಸ್ಥಾನ ಬರೆದಿಡುತ್ತವೆ. ಯಾರ ತೋಟದ ಬದುವಿನ ಮೇಲೆ ನಿಂತಿದ್ದಿರಿ ಎಂದು ತಿಳಿಯಲು ಅಷ್ಟು ಸಾಕು.

ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೊ ಎಂದು ಕಳಿಸಿದರೆ ಚಿತ್ರ ಕುಗ್ಗುವಾಗ ಈ ಮಾಹಿತಿ ಉದುರಿಹೋಗುತ್ತದೆ. ಅದನ್ನೇ "ಡಾಕ್ಯುಮೆಂಟ್" ಎಂದು ಕಳಿಸಿದರೆ ಇದ್ದದ್ದು ಇದ್ದಂತೆ ಹೋಗುತ್ತದೆ. ಇಮೇಲ್‌ಗೆ ಲಗತ್ತಿಸಿದರೂ, ಟೆಲಿಗ್ರಾಂನಲ್ಲಿ "ಫೈಲ್" ಎಂದು ಹಾಕಿದರೂ ಅಷ್ಟೇ. ಕ್ವಾಲಿಟಿ ಚೆನ್ನಾಗಿರಲಿ ಎಂದು ಡಾಕ್ಯುಮೆಂಟ್ ಆಗಿ ಕಳಿಸಿದವರೇ ಹೆಚ್ಚು ಸಿಕ್ಕಿಬೀಳುತ್ತಾರೆ.

ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಟ್ಯಾಗ್ ಆಫ್ ಮಾಡಿ. ಆಗಲೇ ತೆಗೆದ ಚಿತ್ರವಾದರೆ ಗೂಗಲ್ ಫೋಟೋಸ್‌ನಲ್ಲಿ ತೆರೆದು ಮೇಲಕ್ಕೆ ಎಳೆಯಿರಿ. ಕೆಳಗೆ ನಕ್ಷೆ ಕಂಡರೆ ಜಾಗ ದಾಖಲಾಗಿದೆ ಎಂದರ್ಥ. ಸುಲಭದ ಉಪಾಯ, ಫೋಟೊವನ್ನು ಪರದೆ ತುಂಬ ತೆರೆದು ಸ್ಕ್ರೀನ್‌ಶಾಟ್ ತೆಗೆದು ಆ ಸ್ಕ್ರೀನ್‌ಶಾಟ್ ಕಳಿಸುವುದು. ಮೇಲಿನ ಪಟ್ಟಿಯಲ್ಲಿ ಕಾಣುವ ಸಮಯ, ಸಿಮ್ ಹೆಸರು, ಮೆಸೇಜ್ ಚಿಹ್ನೆಗಳನ್ನು ಕತ್ತರಿಸುವುದು ಮರೆಯಬೇಡಿ. ಅಸಲಿ ಫೈಲನ್ನು ಮಾತ್ರ ಅಳಿಸದೆ ಬೇರೆ ಕಡೆ ಜೋಪಾನ ಮಾಡಿ. ನಾಳೆ ತಹಶೀಲ್ದಾರರ ಮುಂದೋ ಕೋರ್ಟಿನಲ್ಲೋ ಅದೇ ದಿನಾಂಕ, ಅದೇ ಜಾಗ ನಿಮ್ಮ ಸಾಕ್ಷಿಯಾಗುತ್ತದೆ.

ಮುಖ, ಗಾಡಿ ನಂಬರ್ ಮುಚ್ಚುವಾಗ ಮಾರ್ಕರ್ ಪೆನ್ನಿನಿಂದ ಗೀಚಬೇಡಿ. ಅದು ಅರೆಪಾರದರ್ಶಕ; ಬ್ರೈಟ್‌ನೆಸ್ ಏರಿಸಿದರೆ ಅಡಿಯ ಅಕ್ಷರ ಎದ್ದು ಬರುತ್ತದೆ. ದಟ್ಟ ಕಪ್ಪು ಚೌಕ ಹಾಕಿ, ಅದರ ಸ್ಕ್ರೀನ್‌ಶಾಟ್ ಕಳಿಸಿ. ಕತ್ತರಿಸಿದ ಚಿತ್ರವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಪಿಕ್ಸೆಲ್ ಫೋನುಗಳ ಎಡಿಟರ್‌ನಲ್ಲಿ ಕತ್ತರಿಸಿದ ಸ್ಕ್ರೀನ್‌ಶಾಟ್‌ಗಳ ಕತ್ತರಿಸಿದ ಭಾಗವನ್ನು ಮರಳಿ ತೆಗೆಯಬಹುದು ಎಂದು 2023ರಲ್ಲಿ ಬಯಲಾಗಿ, ಆಮೇಲೆ ಅದನ್ನು ಸರಿಪಡಿಸಿದರು. ವರ್ಡ್ ಫೈಲ್ ಕಳಿಸುವುದಿದ್ದರೆ ಅದರ ಪ್ರಾಪರ್ಟೀಸ್‌ನಲ್ಲಿ ಕಂಪ್ಯೂಟರ್ ಮಾಲೀಕರ ಹೆಸರು "ಲೇಖಕ" ಎಂದು ಕೂತಿರುತ್ತದೆ. ಇನ್ಫೋ ಪುಟದಲ್ಲಿ "ಇನ್‌ಸ್ಪೆಕ್ಟ್ ಡಾಕ್ಯುಮೆಂಟ್" ಒತ್ತಿ ತೆಗೆಸಿ.

ನಮ್ಮ ಬೆಳೆಗಾರರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಪದಾಧಿಕಾರಿಗಳ ಕೆಲಸ ತೃಪ್ತಿಯೋ ಇಲ್ಲವೋ ಎಂದು ಪೋಲ್ ಹಾಕಿದರೆ ಯಾರು ಏನು ಒತ್ತಿದರೆಂದು ತಿಳಿಯುತ್ತದೆಯೇ? — ಹೊನ್ನಾಳಿ

ತಿಳಿಯುತ್ತದೆ. "ವ್ಯೂ ವೋಟ್ಸ್" ಒತ್ತಿದರೆ ಹೆಸರು ಸಮೇತ ಪಟ್ಟಿ ಬರುತ್ತದೆ. ಟೆಲಿಗ್ರಾಂ ಗ್ರೂಪಿನ ಪೋಲ್‌ನಲ್ಲಿ ಗುಪ್ತ ಮತದ ಆಯ್ಕೆ ಇದೆ. ಜೊತೆಗೆ ಪ್ರೈವೆಸಿಯಲ್ಲಿ ಫೋನ್ ನಂಬರ್ "ನೋಬಡಿ" ಎಂದಿಡಬೇಕು. ವಾಟ್ಸ್‌ಆ್ಯಪ್ ಮಾಮೂಲಿ ಗ್ರೂಪಿನಲ್ಲಿ ನಿಮ್ಮ ನಂಬರ್ ಎಲ್ಲ ಸದಸ್ಯರಿಗೂ ಕಾಣುತ್ತದೆ, ಅದನ್ನು ಮುಚ್ಚುವ ದಾರಿಯಿಲ್ಲ. ಚಾನೆಲ್‌ನಲ್ಲಾದರೆ ಫಾಲೋವರ್‌ಗಳ ನಂಬರ್ ಪರಸ್ಪರ ಕಾಣುವುದಿಲ್ಲ. ಹೇಗೂ ತಿಂಗಳಿಗೊಮ್ಮೆ ಸಭೆ ಸೇರುವವರಾದರೆ ಮುಚ್ಚಳದ ಡಬ್ಬಿ, ಒಂದೇ ಅಳತೆಗೆ ಹರಿದ ಚೀಟಿ, ಎಲ್ಲರಿಗೂ ಒಂದೇ ಬಣ್ಣದ ಪೆನ್ನು ಇಡಿ. ಅದನ್ನು ಮೀರಿಸುವ ಆ್ಯಪ್ ಇನ್ನೂ ಬಂದಿಲ್ಲ.

ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ವಿಭಾಗದಲ್ಲಿ 24 ವಿದ್ಯಾರ್ಥಿಗಳು. ಗೂಗಲ್ ಫಾರ್ಮ್‌ನಲ್ಲಿ ಹೆಸರು ಕೇಳದೆ ಅಭಿಪ್ರಾಯ ಪಡೆದೆ. ಎಲ್ಲರೂ ಐದಕ್ಕೆ ಐದು ಕೊಟ್ಟರು. ನಂಬಲಾಗುತ್ತಿಲ್ಲ. — ದಾವಣಗೆರೆ

ವಿದ್ಯಾರ್ಥಿಗಳು ನಿಮ್ಮ ಫಾರ್ಮನ್ನು ನಂಬಿಲ್ಲ. ಅವರ ಅನುಮಾನದಲ್ಲಿ ಹುರುಳಿರಬಹುದು, ಅದನ್ನೇ ಮೊದಲು ಪರೀಕ್ಷಿಸಿ. ಫಾರ್ಮ್ ಲಿಂಕನ್ನು ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ, ಅಂದರೆ ನಿಮ್ಮ ಲಾಗಿನ್ ಇರದ ಖಾಸಗಿ ಕಿಟಕಿಯಲ್ಲಿ ತೆರೆಯಿರಿ. ಲಾಗಿನ್ ಕೇಳಿದರೆ ಅದು ಗುಪ್ತ ಫಾರ್ಮ್ ಎಂದು ಯಾರೂ ಒಪ್ಪುವುದಿಲ್ಲ.

ಲಾಗಿನ್ ಕೇಳಲು ಕಾರಣಗಳು ಸಾಮಾನ್ಯವಾಗಿ ಮೂರು. ಕಾಲೇಜು ಕೊಟ್ಟ ಇಮೇಲ್‌ನಿಂದ ಫಾರ್ಮ್ ಮಾಡಿದ್ದರೆ "ಸಂಸ್ಥೆಯವರಿಗೆ ಮಾತ್ರ" ಎಂಬ ನಿರ್ಬಂಧ ಇರಬಹುದು. "ಒಬ್ಬರಿಗೆ ಒಂದೇ ಉತ್ತರ" ಎಂಬುದನ್ನು ಆನ್ ಮಾಡಿದ್ದರೂ ಲಾಗಿನ್ ಬೇಕೇ ಬೇಕು. ಆಗ ಇಮೇಲ್ ನಿಮಗೆ ಕಾಣದಿರಬಹುದು, ಆದರೆ ತನ್ನ ಹೆಸರು, ಫೋಟೊ ಪರದೆಯ ಮೇಲೆ ಕಂಡ ಹುಡುಗ ಅದನ್ನು ನಂಬುವುದಿಲ್ಲ. ಫೈಲ್ ಅಪ್‌ಲೋಡ್ ಮಾಡುವ ಪ್ರಶ್ನೆ ಇದ್ದರಂತೂ ಲಾಗಿನ್ ಕಡ್ಡಾಯ, ಹೆಸರೂ ದಾಖಲಾಗುತ್ತದೆ. ಇಮೇಲ್ ಸಂಗ್ರಹವನ್ನು "ಬೇಡ" ಎಂದಿಟ್ಟು ಈ ಮೂರನ್ನೂ ತೆಗೆಯಿರಿ. ತೆಗೆದಾಗ ಒಬ್ಬನೇ ಎರಡು ಸಲ ತುಂಬಬಹುದು. 24 ಜನರ ತರಗತಿಯಲ್ಲಿ 27 ಉತ್ತರ ಬಂದರೆ ಗೊತ್ತಾಗುತ್ತದೆ, ಆ ನಷ್ಟ ತಡೆದುಕೊಳ್ಳುವಂಥದ್ದು.

ಇನ್ನು ಸಮಯ. ಪ್ರತಿ ಉತ್ತರದ ಮುಂದೆ ಟೈಮ್‌ಸ್ಟ್ಯಾಂಪ್ ತಾನಾಗಿ ಬೀಳುತ್ತದೆ. ಸಂಜೆ ಏಳಕ್ಕೆ ಲಿಂಕ್ ಹಾಕಿ ಏಳೂ ಹತ್ತಕ್ಕೆ ಒಳಗೆ ನೋಡಿದರೆ, ಗ್ರೂಪಿನಲ್ಲಿ "ಫಿಲ್ ಮಾಡಿದೆ ಸರ್" ಎಂದ ಹುಡುಗಿಯ ಉತ್ತರ ಯಾವುದೆಂದು ನಿಮಗೆ ಬೇಡವೆಂದರೂ ತಿಳಿಯುತ್ತದೆ. ಐದು ದಿನ ತೆರೆದಿಡಿ, ಮುಚ್ಚುವವರೆಗೂ ನೋಡಬೇಡಿ. ಶೀಟನ್ನು ಬೇರೆ ವಿಭಾಗದ ಸಹೋದ್ಯೋಗಿಯೊಬ್ಬರಿಗೆ ಒಪ್ಪಿಸಿ; ಅವರು ಸಮಯದ ಕಾಲಂ ಅಳಿಸಿ, ಸಾಲುಗಳನ್ನು ಕಲಸಿ ನಿಮಗೆ ಕೊಡಲಿ.

ಎಲ್ಲಕ್ಕಿಂತ ದೊಡ್ಡ ತೂತು ಪ್ರಶ್ನೆಗಳಲ್ಲೇ ಇರುತ್ತದೆ. ಗಂಡೋ ಹೆಣ್ಣೋ, ಹಾಸ್ಟೆಲ್ಲೋ ಮನೆಯೋ, ಯಾವ ತಾಲ್ಲೂಕು, ಪಿಯುಸಿ ಮಾಧ್ಯಮ ಯಾವುದು ಎಂದು ನಾಲ್ಕು ಕೇಳಿದಿರಿ ಎನ್ನಿ. ಜಗಳೂರಿನಿಂದ ಬಂದು ಹಾಸ್ಟೆಲ್‌ನಲ್ಲಿರುವ, ಕನ್ನಡ ಮಾಧ್ಯಮದ ಹುಡುಗಿ 24ರಲ್ಲಿ ಒಬ್ಬಳೇ ಇರುತ್ತಾಳೆ. ಹೆಸರು ಕೇಳದೆಯೇ ಕೇಳಿದಂತಾಯಿತು. ಅಮೆರಿಕದ ಲಟಾನ್ಯಾ ಸ್ವೀನಿ ಎಂಬ ಸಂಶೋಧಕಿ 2000ದಲ್ಲಿ ತೋರಿಸಿದ್ದೂ ಇದನ್ನೇ. ಪಿನ್‌ಕೋಡ್ ತರಹದ ಅಂಚೆ ಸಂಖ್ಯೆ, ಪೂರ್ತಿ ಜನ್ಮದಿನಾಂಕ, ಲಿಂಗ, ಈ ಮೂರೇ ಸೇರಿದರೆ ಅಲ್ಲಿನ ಜನಸಂಖ್ಯೆಯ ಸುಮಾರು ಶೇ. 87ರಷ್ಟು ಮಂದಿಯನ್ನು ಒಬ್ಬೊಬ್ಬರಾಗಿ ಗುರುತಿಸಬಹುದು ಎಂದು ಆಕೆ ಅಂದಾಜಿಸಿದ್ದರು. ನಿಮ್ಮಂಥ ತರಗತಿಗೆ ಇಂಥ ಪ್ರಶ್ನೆ ಒಂದೂ ಬೇಡ. ದೊಡ್ಡ ಸಮೀಕ್ಷೆಯಲ್ಲಿ ಕೇಳಲೇಬೇಕಾದರೂ ಐದಕ್ಕಿಂತ ಕಡಿಮೆ ಜನರಿರುವ ಗುಂಪಿನ ಫಲಿತಾಂಶವನ್ನು ಬೇರೆಯಾಗಿ ತೋರಿಸಬಾರದು.

ಬರೆದು ಉತ್ತರಿಸುವ ಪ್ರಶ್ನೆ ಒಂದೇ ಇರಲಿ. ಆ ಉತ್ತರಗಳ ಸಾರಾಂಶವನ್ನೂ ಆ ಸಹೋದ್ಯೋಗಿಯೇ ಮಾಡಲಿ. ಇಂಟರ್ನಲ್ ಅಂಕ ಕೈಸೇರಿದ ಮೇಲೆಯೇ ಫಾರ್ಮ್ ತುಂಬಿಸಿ. ಅಂಕ ಬಾಕಿ ಇರುವಾಗ ಯಾವ ಸೆಟ್ಟಿಂಗ್ ಇಟ್ಟರೂ ಐದಕ್ಕೆ ಐದೇ ಬರುತ್ತದೆ.

ಸರ್ಕಾರಿ ಶಾಲೆ ಶಿಕ್ಷಕ. ಇಲಾಖೆಯ ನೀತಿಗಳ ಬಗ್ಗೆ ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) ಬೇರೆ ಹೆಸರಿನಿಂದ ಬರೆದರೆ ನಿಯಮ ಅನ್ವಯಿಸುವುದಿಲ್ಲ ಎಂದು ಗೆಳೆಯರು ಹೇಳುತ್ತಾರೆ. — ಚಿತ್ರದುರ್ಗ ಜಿಲ್ಲೆ

ಗೆಳೆಯರು ತಪ್ಪು ಹೇಳಿದ್ದಾರೆ. ಸರ್ಕಾರಿ ನೌಕರರ ನಡತೆ ನಿಯಮಗಳಲ್ಲಿ ಸರ್ಕಾರದ ನೀತಿಯನ್ನು ಟೀಕಿಸುವುದರ ಮೇಲಿನ ನಿರ್ಬಂಧ ಸ್ವಂತ ಹೆಸರಿನ ಬರಹಕ್ಕಷ್ಟೇ ಸೀಮಿತವಲ್ಲ. ಕೇಂದ್ರದ 1964ರ ನಿಯಮಗಳ 9ನೇ ನಿಯಮ ಅನಾಮಿಕವಾಗಿ, ಗುಪ್ತನಾಮದಲ್ಲಿ, ಇನ್ನೊಬ್ಬರ ಹೆಸರಿನಲ್ಲಿ ಪ್ರಕಟಿಸಿದ್ದನ್ನೂ ಸೇರಿಸಿಯೇ ಹೇಳುತ್ತದೆ. ಕರ್ನಾಟಕದ ನೌಕರರಿಗೆ 2021ರ ನಡತೆ ನಿಯಮಗಳಿವೆ, ಅವೂ ಇದೇ ಜಾಡಿನವು. ಹೆಸರು ಮುಚ್ಚಿದರೆ ಸಿಕ್ಕಿಬೀಳುವುದು ತಡವಾಗಬಹುದು, ನಿಯಮವೇನೂ ಬದಲಾಗುವುದಿಲ್ಲ. ಶಿಕ್ಷಕರು ಸಿಕ್ಕಿಬೀಳುವ ರೀತಿಯೂ ಸಾಮಾನ್ಯ: ಇಲಾಖೆಯ ಗ್ರೂಪಿಗೆ ಬಂದ ಸುತ್ತೋಲೆಯ ಸ್ಕ್ರೀನ್‌ಶಾಟ್ ಹಾಕುತ್ತಾರೆ. ಆ ಸುತ್ತೋಲೆ ಆ ಹೊತ್ತಿಗೆ ತಲುಪಿದ್ದೇ ಮೂವತ್ತು ಜನಕ್ಕಾಗಿದ್ದರೆ ಪಟ್ಟಿ ಆಗಲೇ ಸಿದ್ಧ.

ಸಂಘದ ಮೂಲಕ ಮನವಿ ಕೊಡುವುದು ಒಂದು ದಾರಿ. ಮಾಹಿತಿ ಹಕ್ಕು ಇನ್ನೊಂದು. 2005ರ ಕಾಯ್ದೆಯ 6(2)ನೇ ಕಲಂ ಪ್ರಕಾರ ಮಾಹಿತಿ ಏಕೆ ಬೇಕೆಂದು ಕಾರಣ ಹೇಳಬೇಕಿಲ್ಲ. ನಿಮ್ಮನ್ನು ಸಂಪರ್ಕಿಸಲು ಬೇಕಾದಷ್ಟು ವಿವರ ಸಾಕು, ನೌಕರಿ ಏನೆಂದು ಬರೆಯಬೇಕಿಲ್ಲ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಅಂಕಿಅಂಶ ದಾಖಲೆಯಾಗಿ ಕೈಗೆ ಬಂದ ಮೇಲೆ ಅದನ್ನು ಮುಂದಿಟ್ಟು ಮಾತಾಡುವ ಕೆಲಸವನ್ನು ನೌಕರರಲ್ಲದವರು ಮಾಡಲಿ.

ಸಣ್ಣ ಖಾನಾವಳಿ ಇದೆ. ಗೂಗಲ್‌ನಲ್ಲಿ ಯಾರೋ ಮುಖ ತೋರಿಸದವರು ಒಂದೇ ವಾರದಲ್ಲಿ ನಾಲ್ಕು ಸಲ ಒಂದು ಸ್ಟಾರ್ ಕೊಟ್ಟಿದ್ದಾರೆ. ಯಾರೆಂದು ಪತ್ತೆ ಹಚ್ಚಬಹುದೇ? — ದಾವಣಗೆರೆ

ಪತ್ತೆಗಿಂತ ಮೊದಲು ಆ ಹೆಸರಿನ ಮೇಲೆ ಒತ್ತಿ ನೋಡಿ. ಅವರು ಬರೆದ ಉಳಿದ ರಿವ್ಯೂಗಳು ಕಂಡರೆ ವಿಷಯ ಅರ್ಧ ತಿಳಿಯುತ್ತದೆ. ಒಂದೇ ರಸ್ತೆಯ ಒಂದು ಹೋಟೆಲಿಗೆ ಐದು ಸ್ಟಾರ್, ಉಳಿದವಕ್ಕೆಲ್ಲ ಒಂದು ಸ್ಟಾರ್ ಇದ್ದರೆ, ಅಥವಾ ನಾಲ್ಕು ಖಾತೆಗಳಿಗೂ ಇದೊಂದೇ ರಿವ್ಯೂ ಇದ್ದರೆ, ಆ ಮಾದರಿಯನ್ನೇ ದೂರಿನಲ್ಲಿ ತೋರಿಸಬಹುದು. ಸುಮ್ಮನೆ "ಊಟ ಚೆನ್ನಾಗಿಲ್ಲ" ಎಂದಿದ್ದರೆ ಗೂಗಲ್ ತೆಗೆಯುವುದಿಲ್ಲ. ನಕಲಿ, ಬೈಗುಳ, ಸಂಬಂಧವಿಲ್ಲದ ವಿಷಯ ಎಂದು ತೋರಿಸಬೇಕು. ಮೂರು ಚುಕ್ಕಿ ಒತ್ತಿ ರಿಪೋರ್ಟ್ ಮಾಡಿ. ತಿರಸ್ಕರಿಸಿದರೆ ಬಿಸಿನೆಸ್ ಪ್ರೊಫೈಲ್‌ನಿಂದ ಒಂದು ಸಲ ಮೇಲ್ಮನವಿಗೆ ಅವಕಾಶವಿದೆ.

ಉತ್ತರ ಒಂದೇ ಸಲ, ಮೂರು ಸಾಲು. ಯಾವ ದಿನ ಬಂದಿದ್ದಿರಿ, ಏನು ತೊಂದರೆಯಾಯಿತು, ಈ ನಂಬರಿಗೆ ತಿಳಿಸಿ ಎಂದಷ್ಟೇ ಬರೆಯಿರಿ. "ನೀವು ಇಂಥ ಅಂಗಡಿಯವರು, ನಮಗೆ ಗೊತ್ತು" ಎಂದು ಊಹೆಯಲ್ಲಿ ಹೆಸರು ಹಾಕಿದರೆ ಮಾನಹಾನಿ ಕೇಸು ನಿಮ್ಮ ಮೇಲೆಯೇ ತಿರುಗಬಹುದು. ನಿಜವಾಗಿ ನಷ್ಟವಾಗಿದ್ದರೆ ವಕೀಲರ ಮೂಲಕ ಕೋರ್ಟಿಗೆ ಹೋಗಿ, ಹೆಸರು ಗೊತ್ತಿಲ್ಲದ ಪ್ರತಿವಾದಿಯ ವಿರುದ್ಧವೇ ದಾವೆ ಹೂಡಬಹುದು. ಹೀಗೆ ಹೆಸರು ಗೊತ್ತಿಲ್ಲದವರ ವಿರುದ್ಧ ಕೋರ್ಟ್ ಕೊಡುವ ಆದೇಶಗಳಿಗೆ ನಮ್ಮಲ್ಲಿ "ಅಶೋಕ್ ಕುಮಾರ್ ಆದೇಶ" ಎಂಬ ಹೆಸರೇ ಇದೆ. ಖಾತೆಯ ವಿವರ ಕೊಡುವಂತೆ ಕಂಪನಿಗೆ ನಿರ್ದೇಶಿಸಲು ಕೋರ್ಟನ್ನು ಕೇಳಬಹುದು. ನಾಲ್ಕು ರಿವ್ಯೂಗೆ ಆ ಖರ್ಚು ಬೇಕೇ, ನೀವೇ ಯೋಚಿಸಿ. ತಿಂದು ಸಂತೋಷಪಟ್ಟ ಇಪ್ಪತ್ತು ಗಿರಾಕಿಗಳು ಬರೆದರೆ ಅದು ತಾನೇ ಕೆಳಗೆ ಹೋಗುತ್ತದೆ. ಹಾಗೆ ಬರೆಸಲು ರಿಯಾಯಿತಿ ಆಸೆ ತೋರಿಸಬೇಡಿ, ಅದೂ ಗೂಗಲ್ ನಿಯಮಕ್ಕೆ ವಿರುದ್ಧ.

ನನ್ನ ಹೆಸರು, ಫೋಟೊ ಹಾಕಿ ಯಾರೋ ಫೇಸ್‌ಬುಕ್‌ನಲ್ಲಿ ಖಾತೆ ಮಾಡಿ ರಾಜಕೀಯದ ಕೆಟ್ಟ ಕಾಮೆಂಟ್‌ಗಳನ್ನು ಹಾಕ್ತಿದ್ದಾರೆ. ಊರಲ್ಲಿ ನಾನೇ ಬರೆದಿದ್ದು ಅಂತ ನಂಬಿದ್ದಾರೆ. — ಚಳ್ಳಕೆರೆ

ಕೋಪದಲ್ಲಿ ಮೊದಲೇ ರಿಪೋರ್ಟ್ ಒತ್ತಬೇಡಿ. ಖಾತೆ ಹೋದರೆ ಸಾಕ್ಷಿಯೂ ಹೋಗುತ್ತದೆ. ಮೊದಲು ಪ್ರೊಫೈಲ್ ಪುಟ, ಪ್ರತಿ ಕಾಮೆಂಟ್, ಅದು ಯಾವ ಪೋಸ್ಟಿನ ಕೆಳಗಿದೆ ಎಂಬುದರ ಸ್ಕ್ರೀನ್‌ಶಾಟ್ ತೆಗೆಯಿರಿ. ಪ್ರೊಫೈಲಿನ ಪೂರ್ತಿ ಲಿಂಕ್ ನಕಲು ಮಾಡಿ ಬರೆದಿಟ್ಟುಕೊಳ್ಳಿ. ಬಹಳ ಜನ ಹೆಸರು ಕಾಣುವ ಸ್ಕ್ರೀನ್‌ಶಾಟ್ ಮಾತ್ರ ತರುತ್ತಾರೆ. ಹೆಸರನ್ನು ಆ ವ್ಯಕ್ತಿ ಯಾವಾಗ ಬೇಕಾದರೂ ಬದಲಿಸಬಹುದು, ಲಿಂಕ್ ಇಲ್ಲದಿದ್ದರೆ ಪೊಲೀಸರು ಕಂಪನಿಗೆ ಏನೆಂದು ಕೇಳಬೇಕು?

ಆಮೇಲೆ ಪ್ರೊಫೈಲಿನ ಮೂರು ಚುಕ್ಕಿಯಲ್ಲಿ ರಿಪೋರ್ಟ್, "ಬೇರೆಯವರಂತೆ ನಟನೆ", "ನಾನೇ" ಎಂದು ಆರಿಸಿ. ಗುರುತಿನ ಚೀಟಿ ಕೇಳಿದರೆ ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ಕೊಡಿ, ಆಧಾರ್ ತಾಣದಿಂದಲೇ ಅದು ಸಿಗುತ್ತದೆ. ಜೊತೆಗೇ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2021ರ ಐಟಿ ನಿಯಮಗಳು ಬಂದಾಗ ನಟನೆಯ ಖಾತೆಯ ಬಗ್ಗೆ ಸ್ವತಃ ಬಾಧಿತರೇ ದೂರು ಕೊಟ್ಟರೆ 24 ಗಂಟೆಯೊಳಗೆ ಕ್ರಮ ಎಂದು ಗಡುವು ಇಟ್ಟಿದ್ದರು. ಆದ್ದರಿಂದ ದೂರು ನಿಮ್ಮ ಹೆಸರಿನಿಂದಲೇ ಹೋಗಲಿ, ಗೆಳೆಯರಿಂದ ಮಾಡಿಸಬೇಡಿ. ಅವರು ಕೊಟ್ಟ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು.

ಪೊಲೀಸ್ ದೂರಿಗೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಇದೆ, ಜಿಲ್ಲಾ ಕೇಂದ್ರದಲ್ಲಿ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆ ಇದೆ. ನಕಲಿ ಖಾತೆಯಿಂದ ಯಾರಿಗಾದರೂ ದುಡ್ಡು ಕೇಳಿ, ಅವರು ಕೊಟ್ಟೂ ಬಿಟ್ಟಿದ್ದರೆ ಠಾಣೆಗೆ ಓಡುವ ಮುಂಚೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಖಾತೆಯಿಂದ ಖಾತೆಗೆ ಜಾರುವ ಮೊದಲು ತಡೆಹಿಡಿಯಲು ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ. ದೂರಿಗೆ ಎರಡು ಪ್ರತಿ ಒಯ್ದು ಒಂದಕ್ಕೆ ಸ್ವೀಕೃತಿ ಹಾಕಿಸಿಕೊಳ್ಳಿ. ಐಟಿ ಕಾಯ್ದೆಯ 66ಸಿ (ಗುರುತಿನ ಕಳವು), 66ಡಿ (ಬೇರೆಯವರಂತೆ ನಟಿಸಿ ವಂಚನೆ) ಎರಡಕ್ಕೂ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ಸ್ಕ್ರೀನ್‌ಶಾಟ್ ಕೋರ್ಟಿನಲ್ಲಿ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ನೇ ಕಲಮಿನ ಪ್ರಮಾಣಪತ್ರ ಬೇಕು. ಹಾಗಾಗಿ ಸ್ಕ್ರೀನ್‌ಶಾಟ್ ತೆಗೆದ ಫೋನನ್ನು ಕೇಸು ಮುಗಿಯುವವರೆಗೆ ಮಾರಬೇಡಿ, ರೀಸೆಟ್ ಮಾಡಬೇಡಿ.

ವಿಪಿಎನ್ ಹಾಕಿಕೊಂಡು ಬರೆದರೆ ಪೊಲೀಸರಿಗೂ ಸಿಗಲ್ಲ ಅಂತ ಯೂಟ್ಯೂಬ್‌ನಲ್ಲಿ ಹೇಳ್ತಾರೆ. ನಿಜಾನಾ? — ಹರಿಹರ

ವಿಪಿಎನ್ ಎಂದರೆ ನಿಮ್ಮ ಇಂಟರ್ನೆಟ್ ಸಂಪರ್ಕವನ್ನು ಬೇರೊಂದು ಸರ್ವರ್ ಮೂಲಕ ಹಾಯಿಸುವ ಸೇವೆ. ಯೂಟ್ಯೂಬ್‌ನವರಿಗೆ ವಿಪಿಎನ್ ಕಂಪನಿ ದುಡ್ಡು ಕೊಟ್ಟಿರಬಹುದು, ಅದನ್ನು ನೆನಪಿಡಿ. ಪತ್ತೆ ನಡೆಯುವ ಕ್ರಮ ಹೀಗೆ: ಪೊಲೀಸರು ನೀವು ಬರೆದ ತಾಣದ ಕಂಪನಿಯಿಂದ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕದ ಸಂಖ್ಯೆ), ಸೆಕೆಂಡಿನವರೆಗಿನ ಸಮಯ ಪಡೆಯುತ್ತಾರೆ, ಒಂದೇ ಐಪಿಯನ್ನು ಅನೇಕ ಗ್ರಾಹಕರು ಹಂಚಿಕೊಳ್ಳುವುದರಿಂದ ಪೋರ್ಟ್ ಸಂಖ್ಯೆಯನ್ನೂ ಕೇಳುತ್ತಾರೆ. ಅದನ್ನು ಹಿಡಿದು ಇಂಟರ್ನೆಟ್ ಕೊಟ್ಟ ಕಂಪನಿಗೆ ಹೋದರೆ ಸಿಮ್, ಸಿಮ್‌ಗೆ ಕೊಟ್ಟ ಗುರುತಿನ ಚೀಟಿ. ಟೆಲಿಕಾಂ ಕಂಪನಿಗಳು ಈ ದಾಖಲೆಗಳನ್ನು ಎರಡು ವರ್ಷ ಇಡಬೇಕೆಂದು 2021ರ ಡಿಸೆಂಬರಿನಲ್ಲಿ ಲೈಸೆನ್ಸ್ ತಿದ್ದುಪಡಿಯಾಗಿದೆ. ವಿಪಿಎನ್ ನಡುವೆ ಬಂದರೆ ಐಪಿ ಅದರದ್ದು ಕಾಣುತ್ತದೆ. ಅದಕ್ಕೇ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು, ವಿಪಿಎನ್ ಕಂಪನಿಗಳು ಗ್ರಾಹಕರ ವಿವರವನ್ನು ಐದು ವರ್ಷ ಇಡಬೇಕು ಎಂದು ಆದೇಶಿಸಿತು. ಅದಾದ ಮೇಲೆ ಕೆಲವು ವಿದೇಶಿ ಕಂಪನಿಗಳು ಭಾರತದಲ್ಲಿದ್ದ ಸರ್ವರ್‌ಗಳನ್ನೇ ಎತ್ತಿಕೊಂಡು ಹೋದವು.

ಇಷ್ಟಾದರೂ ನೀವು ವಿಪಿಎನ್ ಹಾಕಿ ನಿಮ್ಮದೇ ನಂಬರಿನ ಖಾತೆಗೆ ಲಾಗಿನ್ ಆದರೆ ವಿಪಿಎನ್ ಏನನ್ನೂ ಮುಚ್ಚಲಿಲ್ಲ. ಇನ್‌ಕಾಗ್ನಿಟೊ ಅಳಿಸುವುದು ನಿಮ್ಮ ಬ್ರೌಸರಿನ ಇತಿಹಾಸವನ್ನಷ್ಟೇ. ಸೈಬರ್ ಕೆಫೆಗೆ ಹೋಗೋಣವೆಂದರೆ 2011ರ ನಿಯಮದ ಪ್ರಕಾರ ಅಲ್ಲೂ ಗುರುತಿನ ಚೀಟಿ, ಒಂದು ವರ್ಷದ ದಾಖಲೆ.

ಆದರೆ ಅಭಿಪ್ರಾಯ ಹೇಳುವುದಕ್ಕೆ ಇಷ್ಟೊಂದು ಹೆದರುವುದೂ ಬೇಡ. ಕಿರಿಕಿರಿ ಉಂಟುಮಾಡುವ ಸಂದೇಶವೆಂದು ಜೈಲಿಗೆ ಕಳಿಸುತ್ತಿದ್ದ ಐಟಿ ಕಾಯ್ದೆಯ 66ಎ ಕಲಂ ಅನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಪೂರ್ತಿ ರದ್ದು ಮಾಡಿದೆ. ಬೇರೆ ಹೆಸರಿಟ್ಟುಕೊಂಡು ಬರೆಯುವುದೇ ಅಪರಾಧ ಎನ್ನುವ ಕಲಂ ಇಲ್ಲ. ಬೆದರಿಕೆ ಹಾಕಿದರೆ ಮಾತ್ರ ಹೆಸರು ಮುಚ್ಚಿದ್ದೇ ನಿಮಗೆ ಮುಳುವಾಗುತ್ತದೆ: ಭಾರತೀಯ ನ್ಯಾಯ ಸಂಹಿತೆಯ 351(4) ಪ್ರಕಾರ ಅನಾಮಧೇಯವಾಗಿ ಬೆದರಿಸಿದರೆ ಬೆದರಿಕೆಯ ಶಿಕ್ಷೆಯ ಮೇಲೆ ಇನ್ನೂ ಎರಡು ವರ್ಷದವರೆಗೆ ಹೆಚ್ಚುವರಿ ಜೈಲು.

ಕೇಂದ್ರ ಸರ್ಕಾರದ ಬ್ಯಾಂಕೊಂದರಲ್ಲಿ ಅವ್ಯವಹಾರ ಗೊತ್ತಿದೆ. ಮೂಗರ್ಜಿ ಬರೆದರೆ ಸಾಕಲ್ಲವೇ? — ಚಿತ್ರದುರ್ಗ

ಸಾಲದು. ಕೇಂದ್ರ ಜಾಗೃತ ಆಯೋಗ ಮೂಗರ್ಜಿಗಳ ಮೇಲೆ ಕ್ರಮ ತೆಗೆದುಕೊಳ್ಳುವುದಿಲ್ಲ. ರಾಜ್ಯದ ನೌಕರರ ಮೇಲೆ ಲೋಕಾಯುಕ್ತಕ್ಕೆ ಹೋಗುವುದಾದರೂ ನಿಗದಿತ ನಮೂನೆ, ಅದರ ಜೊತೆ ಪ್ರಮಾಣಪತ್ರ (ಅಫಿಡವಿಟ್) ಬೇಕು. ಹೆಸರು ಕೊಟ್ಟು, ಆದರೆ ಹೆಸರು ಗುಟ್ಟಾಗಿರುವಂತೆ ಹೇಳಲು 2004ರ ಒಂದು ಸರ್ಕಾರಿ ನಿರ್ಣಯವಿದೆ. ಪಿಐಡಿಪಿಐ (ಸಾರ್ವಜನಿಕ ಹಿತದ ಮಾಹಿತಿ ಬಹಿರಂಗ ಮತ್ತು ಮಾಹಿತಿದಾರರ ರಕ್ಷಣೆ) ಎಂದೇ ಅದನ್ನು ಕರೆಯುವುದು. ಕೇಂದ್ರದ ಇಲಾಖೆಗಳು, ಸಾರ್ವಜನಿಕ ವಲಯದ ಬ್ಯಾಂಕುಗಳು ಅದರ ವ್ಯಾಪ್ತಿಗೆ ಬರುತ್ತವೆ.

ಗಟ್ಟಿಯಾಗಿ ಅಂಟಿಸಿದ ಲಕೋಟೆಯಲ್ಲಿ ಕಾರ್ಯದರ್ಶಿ, ಕೇಂದ್ರ ಜಾಗೃತ ಆಯೋಗ, ನವದೆಹಲಿ ಎಂದು ಬರೆದು, ಮೇಲೆ ಎದ್ದು ಕಾಣುವಂತೆ ಪಿಐಡಿಪಿಐ ದೂರು ಎಂದು ನಮೂದಿಸಬೇಕು. ಲಕೋಟೆಯ ಮೇಲೆ ಕಳಿಸಿದವರ ಹೆಸರು ಬೇಡ. ಅಂಚೆ ಕಚೇರಿಯವರು ಕೇಳಿದರೆ ಈ ಲಕೋಟೆಗೆ ವಿನಾಯಿತಿ ಇದೆ ಎಂದು ಹೇಳಿ. ನಿಮ್ಮ ಹೆಸರು, ವಿಳಾಸ ಒಳಗಿರಲಿ, ಪತ್ರದ ಆರಂಭದಲ್ಲಿ ಅಥವಾ ಕೊನೆಯಲ್ಲಿ, ಬೇರ್ಪಡಿಸಲು ಬರುವಂತೆ. ದೂರಿನ ನಡುವೆ "ನಾನು ಆ ಶಾಖೆಯಲ್ಲಿ ಕ್ಯಾಶಿಯರ್ ಆಗಿದ್ದಾಗ" ಎಂಬಂಥ ಸಾಲು ಬಂದರೆ ಆಯೋಗ ಹೆಸರು ಮುಚ್ಚಿಯೂ ಉಪಯೋಗವಿಲ್ಲ. ಇದನ್ನೇ ಇಮೇಲ್‌ನಲ್ಲಿ ಪ್ರತಿ ಮಾಡಿ ನಾಲ್ಕು ಕಡೆ ಹಂಚಿದರೆ ಗುಟ್ಟು ಕಾಪಾಡುವ ಹೊಣೆ ಅಲ್ಲಿಗೆ ಮುಗಿಯುತ್ತದೆ.

ಕಾವ್ಯನಾಮದಲ್ಲಿ ಪದ್ಯಗಳನ್ನು ಆನ್‌ಲೈನ್‌ನಲ್ಲಿ ಪ್ರಕಟಿಸುತ್ತೇನೆ. ಹಕ್ಕು ನನ್ನದಾಗಿ ಉಳಿಯುತ್ತದೆಯೇ? — ಹೊಸದುರ್ಗ

ಉಳಿಯುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 23ನೇ ಕಲಂ ಗುಪ್ತನಾಮದ ಕೃತಿಗೆ ಪ್ರಕಟಣೆಯ ಮರುವರ್ಷದಿಂದ 60 ವರ್ಷ ಕೊಡುತ್ತದೆ. ಅಷ್ಟರೊಳಗೆ ಬರೆದವರು ಯಾರೆಂದು ಬಹಿರಂಗವಾದರೆ ಲೆಕ್ಕ ಲೇಖಕರ ಮರಣಾನಂತರದ 60 ವರ್ಷಕ್ಕೆ ಬದಲಾಗುತ್ತದೆ. ತಕರಾರು ಬಂದಾಗ ಪದ್ಯ ನಿಮ್ಮದೆಂದು ತೋರಿಸುವುದೇ ಕಷ್ಟದ ಭಾಗ, ಆದ್ದರಿಂದ ಕೈಬರಹದ ಕರಡನ್ನು ದಿನಾಂಕ ಹಾಕಿ ಇಟ್ಟುಕೊಳ್ಳಿ, ಪ್ರಕಟಿಸುವ ಮೊದಲು ನಿಮ್ಮದೇ ಇಮೇಲ್‌ಗೆ ಕಳಿಸಿಕೊಳ್ಳಿ. ಪತ್ರಿಕೆಗೆ ಕೊಡುವಾಗ ಪದ್ಯದ ಹಾಳೆಯಲ್ಲಿ ಕಾವ್ಯನಾಮ ಮಾತ್ರ ಇರಲಿ. ಗೌರವಧನಕ್ಕೆ ಬೇಕಾದ ನಿಜ ಹೆಸರು, ಪಾನ್, ಬ್ಯಾಂಕ್ ವಿವರ ಬೇರೆ ಹಾಳೆಯಲ್ಲಿ, "ಪ್ರಕಟಣೆಗೆ ಅಲ್ಲ" ಎಂದು ಮೇಲೆ ಬರೆದು.